‘ಗೋಡೆ ದಪ್ಪ’ ಅಂತ ರಿಪೋರ್ಟ್ ಬಂದರೆ: ಪಿತ್ತಕೋಶ, ಸೋನೋಗ್ರಫಿ ಮತ್ತು ದಾದರ್‌ನ ಮಳೆಗಾಲ

ಭಾನುವಾರದ ಮೆಗಾ ಬ್ಲಾಕ್, ಅದರ ಮೇಲೆ ಈ ಮಳೆ, ಎರಡನ್ನೂ ದಾಟಿ ದಾದರ್ ತನಕ ಬಂದಿದ್ದೀರಿ. ಹಾಗಾಗಿ ಪೀಠಿಕೆ ಹೆಚ್ಚು ಹಾಕದೆ ನೇರ ವಿಷಯಕ್ಕೆ ಬರ್ತೀನಿ.

ನಮ್ಮ ಕನ್ನಡದವರ ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಒಂದು ಫೋಟೋ ಬಂದು ಬೀಳುತ್ತೆ. ಸೋನೋಗ್ರಫಿ ರಿಪೋರ್ಟು, ಕೈ ನಡುಗಿ ಸ್ವಲ್ಪ ಮಸುಕಾಗಿರುತ್ತೆ. ಕೆಳಗೆ ಒಂದು ಸಾಲು: "ಜಿಬಿ ವಾಲ್ ಥಿಕನಿಂಗ್ ಅಂತ ಬಂದಿದೆ, ಆಪರೇಷನ್ ಬೇಕಾಗುತ್ತಾ?" ಹತ್ತು ನಿಮಿಷದಲ್ಲಿ ಇಪ್ಪತ್ತು ಉತ್ತರ. ಒಬ್ಬರು ತಕ್ಷಣ ತೆಗೆಸಿಬಿಡಿ ಅಂತಾರೆ, ಇನ್ನೊಬ್ಬರು ಹೋಮಿಯೋಪತಿ ಅಂತಾರೆ, ಮತ್ತೊಬ್ಬರು ಬಾಳೆದಿಂಡಿನ ರಸ ಅಂತಾರೆ. ನಾನು ಇವತ್ತು ಹೇಳಬೇಕು ಅಂದ್ಕೊಂಡಿರೋದು ಇಷ್ಟೇ: ಆ ಫೋಟೋದಲ್ಲಿ ಉತ್ತರ ಇಲ್ಲ. ಉತ್ತರದ ಅರ್ಧ ಭಾಗ ಸ್ಕ್ಯಾನ್ ಮಾಡಿದ ಕೋಣೆಯೊಳಗೇ ಉಳಿದುಹೋಗಿರುತ್ತೆ.

ನಾನು ಡಾಕ್ಟರ್ ಅಲ್ಲ. ಎಂ.ಟೆಕ್.ನಲ್ಲಿ ಇಮೇಜ್ ಪ್ರೊಸೆಸಿಂಗ್ ಓದಿ, ಅಲ್ಟ್ರಾಸೌಂಡ್ ಚಿತ್ರಗಳಲ್ಲಿ ಅಂಗಗಳ ಗಡಿಯನ್ನು ಕಂಪ್ಯೂಟರ್ ಕೈಲಿ ಗುರುತಿಸೋ ಕೆಲಸದ ಮೇಲೆ ಎರಡು ವರ್ಷ ಕಳೆದವನು. ಈಗ ಎಲ್ಲರ ಹಾಗೆ ಸಾಫ್ಟ್‌ವೇರ್ ಕೆಲಸ. ಚಿಕಿತ್ಸೆ ಏನು ಅಂತ ನಿಮ್ಮ ಡಾಕ್ಟರನ್ನೇ ಕೇಳಿ. ಚಿತ್ರ ಏನು ಹೇಳುತ್ತೆ, ಏನು ಹೇಳಲ್ಲ ಅನ್ನೋದನ್ನ ಮಾತ್ರ ನನ್ನನ್ನು ಕೇಳಿ.

ಮೊದಲು ಒಂದು ಪದದ ತೊಡಕು ಬಿಡಿಸ್ಕೊಳ್ಳೋಣ. ನಮ್ಮ ಮನೆಗಳಲ್ಲಿ ‘ಪಿತ್ತ’ ಅಂದ್ರೆ ಏನು? ಬೆಳಿಗ್ಗೆ ತಲೆ ಸುತ್ತಿದರೆ ಪಿತ್ತ, ಹುಳಿ ತೇಗು ಬಂದರೆ ಪಿತ್ತ, ಮೈಮೇಲೆ ದದ್ದು ಎದ್ದರೆ ಪಿತ್ತದ ಗಂಧೆ. ಮರಾಠಿಯವರಲ್ಲೂ ಇದೇ ಪದ, ಹೆಚ್ಚುಕಡಿಮೆ ಇದೇ ಅರ್ಥ. ಹಾಗಾಗಿ ಊರಿಂದ ಬಂದ ತಾಯಿ "ಪಿತ್ತ ಆಗಿದೆ" ಅಂದ್ರೆ ರಾನಡೆ ರೋಡಿನ ಮೆಡಿಕಲ್ ಶಾಪಿನವನಿಗೂ ಅರ್ಥವಾಗುತ್ತೆ, ಆಸಿಡಿಟಿ ಮಾತ್ರೆ ಕೊಟ್ಟು ಕಳಿಸ್ತಾನೆ. ಎರಡು ಭಾಷೆ ಇಷ್ಟು ಚೆನ್ನಾಗಿ ಹೊಂದಿಕೊಂಡು ತಪ್ಪು ದಾರಿ ತೋರಿಸೋದು ಅಪರೂಪ.

ಪಿತ್ತಕೋಶ ಬೇರೆ. ಲಿವರ್‌ನ ಅಡಿಗೆ ಅಂಟಿಕೊಂಡಿರೋ ಒಂದು ಚೀಲ, ಉದ್ದ 7ರಿಂದ 10 ಸೆಂಟಿಮೀಟರ್, 30ರಿಂದ 50 ಎಂ.ಎಲ್. ಹಿಡಿಸುತ್ತೆ. ಪಿತ್ತರಸ ತಯಾರಾಗೋದು ಲಿವರ್‌ನಲ್ಲಿ. ಚೀಲದ ಕೆಲಸ ಅದನ್ನ ಕೂಡಿಟ್ಟು, ಗಟ್ಟಿಮಾಡಿ, ನೀವು ಎಣ್ಣೆ ತುಪ್ಪ ತಿಂದಾಗ ಹಿಂಡಿ ಕಳಿಸೋದು. ಈ ಚೀಲದಲ್ಲಿ ಕಲ್ಲು ಆಗಬಹುದು. ಮೂತ್ರಪಿಂಡದ ಕಲ್ಲಿಗೂ ಇದಕ್ಕೂ ಹೆಸರಿನಲ್ಲಿ ಬಿಟ್ಟರೆ ಸಂಬಂಧ ಇಲ್ಲ. ಪಿತ್ತಕೋಶದಿಂದ ಮೂತ್ರಕ್ಕೆ ದಾರಿಯೇ ಇಲ್ಲ, ಆದ್ದರಿಂದ ಬಾಳೆದಿಂಡನ್ನು ಪಲ್ಯ ಮಾಡ್ಕೊಂಡು ರುಚಿಗೆ ತಿನ್ನಿ, ಔಷಧಿ ಅಂತ ನಂಬ್ಕೊಂಡು ಕೂರಬೇಡಿ.

ಕಲ್ಲು ಚೀಲದ ಕುತ್ತಿಗೆಯಲ್ಲೋ ನಾಳದಲ್ಲೋ ಬಂದು ಸಿಕ್ಕಿಕೊಂಡಾಗ ನೋವು ಶುರು. ಬಲಪಕ್ಕೆಯ ಕೆಳಗೆ, ಕೆಲವರಿಗೆ ಎದೆಗುಂಡಿಯಲ್ಲಿ, ಅಲ್ಲಿಂದ ಬಲಗಡೆ ಬೆನ್ನಿಗೆ, ಭುಜಕ್ಕೆ. ಕೆಲವು ಗಂಟೆಗಳಲ್ಲಿ ಕಲ್ಲು ಜಾರಿ ಹಿಂದಕ್ಕೆ ಹೋದರೆ ನೋವೂ ಹೋಗುತ್ತೆ. ಹೋಗದೆ ಅಲ್ಲೇ ಕೂತರೆ ಒಳಗೆ ಒತ್ತಡ ಏರುತ್ತೆ, ಗೋಡೆ ಊದುತ್ತೆ, ಸೋಂಕು ಸೇರಬಹುದು, ಬಿಟ್ಟರೆ ಗೋಡೆ ಕೊಳೆತು ತೂತು ಬೀಳಬಹುದು. ಇದೇ ತೀವ್ರ ಉರಿಯೂತ, ಅಕ್ಯೂಟ್ ಕೋಲಿಸಿಸ್ಟೈಟಿಸ್. ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಪ್ರಕರಣಗಳಲ್ಲಿ ಕಾರಣ ಕಲ್ಲೇ. ಐದಾರು ಗಂಟೆ ಆದರೂ ಬಿಡದ ನೋವು, ಜೊತೆಗೆ ಜ್ವರ, ವಾಂತಿ ಇದ್ದರೆ ಅದು ‘ಗ್ಯಾಸ್’ ಅಂತ ಮನೆಯಲ್ಲಿ ತೀರ್ಮಾನ ಮಾಡೋ ವಿಷಯ ಅಲ್ಲ. ಕಣ್ಣು ಹಳದಿಯಾಗಿದ್ದರೆ ಇನ್ನೂ ಅವಸರ. ಎದೆಯ ಹತ್ತಿರದ ನೋವಾದ್ದರಿಂದ ಆಸ್ಪತ್ರೆಯವರು ಮೊದಲು ಇಸಿಜಿ ಮಾಡಿದರೆ ಬೇಜಾರು ಮಾಡ್ಕೋಬೇಡಿ, ಅದು ಸರಿಯಾದ ಕ್ರಮ.

ಈಗ ಚಿತ್ರಕ್ಕೆ ಬರೋಣ. ಊರಲ್ಲಿ ನಾವು ‘ಸ್ಕ್ಯಾನಿಂಗ್’ ಅನ್ನೋದನ್ನೇ ಇಲ್ಲಿ ‘ಸೋನೋಗ್ರಫಿ’ ಅಂತಾರೆ. ತತ್ವ ಸರಳ. ಪ್ರೋಬ್ ಒಂದು ಶಬ್ದದ ತುಣುಕು ಕಳಿಸುತ್ತೆ, ವಾಪಸ್ ಬರೋ ಪ್ರತಿಧ್ವನಿಗೆ ಎಷ್ಟು ಹೊತ್ತಾಯ್ತು ಅಂತ ಅಳೆಯುತ್ತೆ. ಮೈಯೊಳಗೆ ಶಬ್ದದ ವೇಗ ಸೆಕೆಂಡಿಗೆ 1540 ಮೀಟರ್ ಅಂತ ಯಂತ್ರ ಮೊದಲೇ ಇಟ್ಟುಕೊಂಡಿರುತ್ತೆ. ಆ ಲೆಕ್ಕದಲ್ಲಿ ಒಂದು ಸೆಂಟಿಮೀಟರ್ ಆಳಕ್ಕೆ ಹೋಗಿ ಬರೋಕೆ ಸುಮಾರು 13 ಮೈಕ್ರೋಸೆಕೆಂಡ್. ಪಿತ್ತರಸ ನೀರಿನ ಹಾಗೆ, ಪ್ರತಿಧ್ವನಿ ಇಲ್ಲ, ಅದಕ್ಕೇ ಚೀಲ ಕಪ್ಪಗೆ ಕಾಣುತ್ತೆ. ಕಲ್ಲು ಶಬ್ದವನ್ನು ದಾಟೋಕೆ ಬಿಡಲ್ಲ, ಬೆಳ್ಳಗೆ ಹೊಳೆಯುತ್ತೆ, ಅದರ ಹಿಂದೆ ಕಪ್ಪು ನೆರಳು ಬೀಳುತ್ತೆ. ಡಾಕ್ಟರ್ "ಎಡಕ್ಕೆ ತಿರುಗಿ" ಅಂತಾರಲ್ಲ, ಯಾಕೆ? ಕಲ್ಲಾದರೆ ಉರುಳಬೇಕು. ನೆರಳಿಲ್ಲದೆ, ಗೋಡೆಗೆ ಅಂಟಿಕೊಂಡೇ ಇದ್ದರೆ ಅದು ಪಾಲಿಪ್ ಇರಬಹುದು. ಕಲ್ಲಿದ್ದೂ ಕುತ್ತಿಗೆಯಲ್ಲಿ ಕದಲದೆ ಕೂತಿದ್ದರೆ ಅದು ಕೆಟ್ಟ ಸೂಚನೆ. ನೋಡಿ, ಇಲ್ಲೇ ಆಗಲೇ ಒಂದು ಮಾಹಿತಿ ಫೋಟೋದಿಂದ ಹೊರಗೆ ಹೋಯ್ತು. ಉರುಳಿತಾ ಇಲ್ವಾ ಅನ್ನೋದು ಒಂದು ಸ್ಥಿರಚಿತ್ರದಲ್ಲಿ ಇರಲ್ಲ.

ಗೋಡೆ ಸಾಮಾನ್ಯವಾಗಿ 3 ಮಿಲಿಮೀಟರ್‌ಗಿಂತ ತೆಳು. ಇದೂ ಹೊಟ್ಟೆ ಖಾಲಿ ಇದ್ದಾಗ. ಊಟ ಮಾಡಿ ಬಂದರೆ ಚೀಲ ಹಿಂಡಿಕೊಂಡು ಗೋಡೆ ದಪ್ಪಗೆ ಕಾಣುತ್ತೆ, ಅದಕ್ಕೇ ಆರೆಂಟು ಗಂಟೆ ಉಪವಾಸ ಬನ್ನಿ ಅನ್ನೋದು. ತುರ್ತಿನಲ್ಲಿ ಅದಕ್ಕೆಲ್ಲ ಕಾಯಲ್ಲ.

ಇನ್ನು ಮರ್ಫಿ. ಷಿಕಾಗೋದ ಶಸ್ತ್ರವೈದ್ಯ ಜಾನ್ ಬೆಂಜಮಿನ್ ಮರ್ಫಿ 1903ರಲ್ಲಿ ವಿವರಿಸಿದ ಪರೀಕ್ಷೆ ಇದು. ಬಲಪಕ್ಕೆಯ ಕೆಳಗೆ ಬೆರಳೂರಿ ದೀರ್ಘ ಉಸಿರು ತಗೊಳ್ಳಿ ಅಂದಾಗ, ಊದಿದ ಪಿತ್ತಕೋಶ ಕೆಳಗಿಳಿದು ಬೆರಳಿಗೆ ತಾಗುತ್ತೆ, ಉಸಿರು ಅರ್ಧಕ್ಕೇ ಕಟ್ಟುತ್ತೆ. ಸೋನೋಗ್ರಫಿಯಲ್ಲಿ ಇದು ಇನ್ನೂ ಚುರುಕು. ಬೆರಳಿನ ಬದಲು ಪ್ರೋಬಿನಿಂದ ಒತ್ತುತ್ತಾರೆ, ಪರದೆಯಲ್ಲಿ ಪಿತ್ತಕೋಶ ಎದುರಿಗೇ ಕಾಣ್ತಿರುತ್ತೆ. ಎಲ್ಲಿ ಒತ್ತಿದಾಗ ಅತಿ ಹೆಚ್ಚು ನೋವು? ಸರಿಯಾಗಿ ಅದರ ಮೇಲೇನಾ, ಇಲ್ಲ ಹೊಟ್ಟೆಯೆಲ್ಲಾ ಒಂದೇ ಥರವಾ? ಇದಕ್ಕೆ ಉತ್ತರ ಕೊಡಬೇಕಾದವರು ರೋಗಿ, ಬಾಯಿಬಿಟ್ಟು.

ನನ್ನ ಗೆಳೆಯನೊಬ್ಬ ಹಾವೇರಿ ಕಡೆಯವನು, ದಾದರ್ ಪೂರ್ವದಲ್ಲಿ ಬಾಡಿಗೆ ಮನೆ. ಅವನ ತಾಯಿ ಶರಾವತಿ ಎಕ್ಸ್‌ಪ್ರೆಸ್ ಹಿಡಿದು ಮಗನ ಮನೆಗೆ ಬಂದಿದ್ದರು. ಎರಡನೇ ವಾರ ರಾತ್ರಿ ನೋವು. ಬೆಳಿಗ್ಗೆ ಹತ್ತಿರದ ಒಂದು ಸೆಂಟರ್‌ನಲ್ಲಿ ಸೋನೋಗ್ರಫಿ ಮಾಡಿಸಿದರು. ಇವನನ್ನು ಹೊರಗೆ ಕೂರಿಸಿದ್ದರು. ರಿಪೋರ್ಟಿನಲ್ಲಿ ಕಲ್ಲು ಇದೆ, ಗೋಡೆ 4 ಮಿಲಿಮೀಟರ್, ಮರ್ಫಿ ಸೈನ್ ನೆಗೆಟಿವ್. ಮಾತ್ರೆ ಬರೆದುಕೊಟ್ಟರು. ಮಾರನೇ ದಿನ ಚಳಿಜ್ವರ. ಆಸ್ಪತ್ರೆಗೆ ಕರ್ಕೊಂಡು ಹೋದಾಗ ನಾನೂ ಜೊತೆಗಿದ್ದೆ. ಅಲ್ಲಿನ ಡಾಕ್ಟರ್ ಮಗನನ್ನು ಒಳಗೇ ನಿಲ್ಲಿಸ್ಕೊಂಡು, ನಿಮ್ಮ ಭಾಷೆಯಲ್ಲಿ ಕೇಳಿ ಅಂದರು. ಇವನು "ಅವ್ವಾ, ಇಲ್ಲಿ ಒತ್ತಿದ್ರ ಹೆಂಗ? ಇಲ್ಲಿ?" ಅಂತ ಕೇಳ್ತಾ ಹೋದ. ಪ್ರೋಬ್ ಪಿತ್ತಕೋಶದ ಮೇಲೆ ಬಂದಾಗ ಆಕೆ ಡಾಕ್ಟರ ಕೈ ಹಿಡಿದುಬಿಟ್ಟರು. "ಇಲ್ಲೇ, ಇಲ್ಲೇ ನೋಡಪಾ, ಜೀವ ಹೋಗ್ತೈತಿ." ಬಿಳಿ ರಕ್ತಕಣದ ಎಣಿಕೆಯೂ ಏರಿತ್ತು. ಎರಡು ದಿನದಲ್ಲಿ ಲ್ಯಾಪರೋಸ್ಕೋಪಿ ಆಯ್ತು, ಈಗ ಆರಾಮಾಗಿದ್ದಾರೆ.

ಆಮೇಲೆ ಗೆಳೆಯ ವಿಚಾರಿಸಿದ, ಮೊದಲ ದಿನ ನೋವು ಆಗಲಿಲ್ವಾ ಅಂತ. ಆಯ್ತಪ್ಪಾ ಅಂದರು. ಅವರು "ದರ್ದ್ ಹೈ?" ಅಂತ ಏನೋ ಕೇಳ್ತಿದ್ದರು, ನನಗೆ ಬರೋದು "ಠೀಕ್ ಹೈ" ಒಂದೇ, ಎಲ್ಲದಕ್ಕೂ ಅದನ್ನೇ ಹೇಳಿದೆ. ಯಂತ್ರ ಸರಿಯಾಗೇ ಕೆಲಸ ಮಾಡಿತ್ತು, ಡಾಕ್ಟರ್ ಕೇಳಬೇಕಾದ್ದನ್ನೇ ಕೇಳಿದ್ದರು, ಆದರೂ ರಿಪೋರ್ಟಿಗೆ ತಪ್ಪು ಉತ್ತರ ಹೋಗಿತ್ತು. ಒಂದೇ ದಿನದಲ್ಲಿ ಕಾಯಿಲೆಯೂ ಬೆಳೆದಿರಬಹುದು, ಅದನ್ನ ನಾನು ತಳ್ಳಿಹಾಕಲ್ಲ. ಆದರೆ ಆ ‘ನೆಗೆಟಿವ್’ ಅನ್ನೋ ಪದವನ್ನು ನಾನಂತೂ ನಂಬಲ್ಲ.

ಆದ್ದರಿಂದ ಮನೆಯವರನ್ನು ಕರ್ಕೊಂಡು ಹೋದಾಗ ಒಳಗೆ ನಿಲ್ಲೋಕೆ ಅನುಮತಿ ಕೇಳಿ. ಇದು ಎಕ್ಸ್-ರೇ ಅಲ್ಲ, ಪಕ್ಕದಲ್ಲಿ ನಿಂತರೆ ಏನೂ ಆಗಲ್ಲ. ನೋವಿನ ಇಂಜೆಕ್ಷನ್ ತಗೊಂಡು ಹೋಗಿದ್ದರೆ ಕಡ್ಡಾಯವಾಗಿ ಹೇಳಿ, ಯಾಕಂದ್ರೆ ನೋವು ಮಂಕಾಗಿದ್ದರೆ ಮರ್ಫಿ ಸಿಗಲ್ಲ. ಹಾಗಂತ ಸ್ಕ್ಯಾನ್ ಆಗೋ ತನಕ ನೋವು ತಡ್ಕೊಂಡು ಕೂರಬೇಕಾಗಿಲ್ಲ, ತಿಳಿಸಿದರೆ ಸಾಕು. ಸಕ್ಕರೆ ಕಾಯಿಲೆ ಹಳೆಯದಾಗಿದ್ದವರಲ್ಲೂ, ಗೋಡೆ ಕೊಳೆಯೋಕೆ ಶುರುವಾದವರಲ್ಲೂ ಇದು ಸಿಗದೇ ಇರಬಹುದು. ಇನ್ನೊಂದು, ನಮ್ಮ ಹಿರಿಯರ ಪದಗಳು. ಸಂಕಟ, ಚಳಕು, ಉಬ್ಬರ, ಎದಿ ಹಿಡದಂಗ... ಇವೆಲ್ಲ ಬೇರೆ ಬೇರೆ ನೋವುಗಳು. ನಾವು ಎಲ್ಲವನ್ನೂ ‘ಪೇಟ್ ಮೇ ದರ್ದ್’ ಅಂತ ಒಂದೇ ಮಾಡಿ ಒಪ್ಪಿಸ್ತೀವಿ. ಅದು ಬಿಟ್ಟು ಬಿಟ್ಟು ಬರುತ್ತಾ, ಒಂದೇ ಸಮ ಇದೆಯಾ, ಬೆನ್ನಿಗೆ ಹೋಗುತ್ತಾ, ಎಷ್ಟು ಗಂಟೆಯಿಂದ, ಇದನ್ನೆಲ್ಲ ಕೇಳಿ ಬರ್ಕೊಂಡು ಹೋಗಿ.

ಇಲ್ಲಿ ಒಂದು ಅನುಕೂಲ ಇದೆ. ಭಾರತದಲ್ಲಿ ಪ್ರೋಬ್ ಹಿಡಿಯೋದು ಸಾಮಾನ್ಯವಾಗಿ ಡಾಕ್ಟರೇ. ಅಮೆರಿಕದಲ್ಲಿ ಚಿತ್ರ ತೆಗೆಯೋರು ತರಬೇತಾದ ಸೋನೋಗ್ರಾಫರ್, ರಿಪೋರ್ಟ್ ಬರೆಯೋ ರೇಡಿಯಾಲಜಿಸ್ಟ್ ಬಹಳ ಸಲ ಇನ್ನೆಲ್ಲೋ ಕೂತಿರ್ತಾರೆ. ನಮ್ಮಲ್ಲಿ ಹೀಗಿರೋದಕ್ಕೆ ಒಂದು ಕಾರಣ ಭ್ರೂಣಲಿಂಗ ಪತ್ತೆ ತಡೆ ಕಾನೂನು. ಮಹಾರಾಷ್ಟ್ರ 1988ರಲ್ಲೇ, ದೇಶದಲ್ಲಿ ಮೊದಲು, ಇಂಥ ಕಾನೂನು ಮಾಡಿತು, ಕೇಂದ್ರದ ಕಾಯಿದೆ 1994ರಲ್ಲಿ ಬಂತು. ಯಂತ್ರ, ಜಾಗ, ಬಳಸೋ ಡಾಕ್ಟರ್, ಎಲ್ಲವೂ ನೋಂದಣಿ ಆಗಿರಬೇಕು. ಹೆಣ್ಣುಮಕ್ಕಳನ್ನು ಹುಟ್ಟೋಕೇ ಬಿಡದ ಸಮಾಜಕ್ಕೆ ಈ ಕಾನೂನು ಬೇಕಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಅದರ ಪರಿಣಾಮವಾಗಿ ರಾತ್ರಿ ಎರಡು ಗಂಟೆಗೆ ತುರ್ತು ವಿಭಾಗದಲ್ಲಿ ಯಂತ್ರವನ್ನು ಯಾರು ಬೇಕಾದರೂ ಎಳೆದು ತಂದು ನೋಡೋ ಹಾಗಿಲ್ಲ ಅನ್ನೋದೂ ನಿಜ. "ಸೋನೋಗ್ರಫಿ ಬೆಳಿಗ್ಗೆ" ಅಂತ ಹೇಳಿದರೆ ಪ್ರತಿ ಸಲವೂ ಅದು ಉದಾಸೀನ ಅಲ್ಲ.

ಈಗ ಮಳೆಗಾಲದ ವಿಷಯ, ನನ್ನ ಮಟ್ಟಿಗೆ ಇವತ್ತಿನ ಮುಖ್ಯ ಭಾಗ. 1985ರಲ್ಲಿ ಲಾಸ್ ಏಂಜಲೀಸ್‌ನ ವೈದ್ಯರು ಒಂದು ಪ್ರಸಿದ್ಧ ಅಧ್ಯಯನ ಪ್ರಕಟಿಸಿದರು. ಕಲ್ಲು ಮತ್ತು ಮರ್ಫಿ ಎರಡೂ ಇದ್ದರೆ ನೂರಕ್ಕೆ 92ರಲ್ಲಿ ತೀವ್ರ ಉರಿಯೂತವೇ, ಕಲ್ಲು ಮತ್ತು ದಪ್ಪ ಗೋಡೆ ಇದ್ದರೆ ನೂರಕ್ಕೆ 95. ಈ ಅಂಕಿಗಳು ಪಠ್ಯಪುಸ್ತಕಕ್ಕೂ ಹೋದವು. ನಮ್ಮ ಭಾಷೆಯಲ್ಲಿ ಹೇಳೋದಾದರೆ ಟ್ರೈನಿಂಗ್ ಡೇಟಾ ಲಾಸ್ ಏಂಜಲೀಸ್‌ದು. ಅಲ್ಲಿ ಆಗಸ್ಟ್ ತಿಂಗಳಲ್ಲಿ ಮನೆಮನೆಗೆ ಡೆಂಗಿ ಬರ್ತಿರಲಿಲ್ಲ.

ಡೆಂಗಿಯಲ್ಲಿ ಸಣ್ಣ ರಕ್ತನಾಳಗಳು ಸೋರ್ತವೆ. ಪ್ಲಾಸ್ಮಾ ಹೊರಗೆ ಬಂದು ಅಲ್ಲಲ್ಲಿ ನಿಲ್ಲುತ್ತೆ, ಪಿತ್ತಕೋಶದ ಗೋಡೆಯಲ್ಲೂ. ಗೋಡೆ ಪದರ ಪದರವಾಗಿ, ಜೇನುಗೂಡಿನ ಹಾಗೆ ಊದುತ್ತೆ. ಬಲಪಕ್ಕೆಯಲ್ಲಿ ನೋವೂ ಇರಬಹುದು, ಜ್ವರ ಅಂತೂ ಇದ್ದೇ ಇದೆ. ಚಿತ್ರ ಮಾತ್ರ ನೋಡಿದರೆ ಥೇಟ್ ಕೋಲಿಸಿಸ್ಟೈಟಿಸ್. ಆದರೆ ಮಾಡಬೇಕಾದ್ದು ತದ್ವಿರುದ್ಧ. ಇಲ್ಲಿ ದ್ರವ ಕೊಟ್ಟು, ಪ್ಲೇಟ್‌ಲೆಟ್ ನೋಡ್ಕೊಂಡು ಕಾಯಬೇಕು, ಗೋಡೆ ಕೆಲವೇ ದಿನಗಳಲ್ಲಿ ತಾನಾಗಿ ಮೊದಲಿನಂತಾಗುತ್ತೆ. ಪ್ಲೇಟ್‌ಲೆಟ್ ಕುಸಿದವರ ಹೊಟ್ಟೆ ಕುಯ್ದರೆ ರಕ್ತ ನಿಲ್ಲಿಸೋದು ಕಷ್ಟ. ಇನ್ನೂ ಗಲಿಬಿಲಿ ಬೇಕಾ? ಯಾವ ತೊಂದರೆಯೂ ಕೊಡದ ಹಳೇ ಕಲ್ಲು ಇರೋ ಮನುಷ್ಯನಿಗೆ ಡೆಂಗಿ ಬಂದರೆ, ಕಲ್ಲೂ ಇದೆ, ದಪ್ಪ ಗೋಡೆಯೂ ಇದೆ, ಜ್ವರವೂ ಇದೆ. ಆ 95 ಅನ್ನೋ ಅಂಕಿ ಅಲ್ಲಿ ಕೆಲಸಕ್ಕೆ ಬರಲ್ಲ.

ಬಿಡಿಸೋದು ಹೇಗೆ? ಚಿತ್ರದ ಹೊರಗಿನ ಸುಳಿವುಗಳಿಂದ. ಉರಿಯೂತದಲ್ಲಿ ಬಿಳಿ ರಕ್ತಕಣ ಸಾಮಾನ್ಯವಾಗಿ ಏರುತ್ತೆ, ಡೆಂಗಿಯಲ್ಲಿ ಇಳಿಯುತ್ತೆ, ಪ್ಲೇಟ್‌ಲೆಟ್ಟೂ ಇಳಿಯುತ್ತೆ. ಜ್ವರದ ಮೊದಲ ದಿನಗಳಲ್ಲಾದರೆ ಎನ್‌ಎಸ್‌1 ಪರೀಕ್ಷೆ ಇದೆ. ಸ್ಕ್ಯಾನ್‌ನಲ್ಲೂ ಡೆಂಗಿಯಾದರೆ ಹೊಟ್ಟೆಯಲ್ಲಿ, ಶ್ವಾಸಕೋಶದ ಸುತ್ತ ನೀರು ಕಾಣಬಹುದು, ಪಿತ್ತಕೋಶ ಬಿಗಿಯಾಗಿ ಉಬ್ಬಿರಲ್ಲ. ಡೆಂಗಿ ಒಂದೇ ಅಲ್ಲ, ಹೆಪಟೈಟಿಸ್, ಸಿರೋಸಿಸ್, ಹಾರ್ಟ್ ಫೇಲ್ಯೂರ್, ರಕ್ತದಲ್ಲಿ ಆಲ್ಬುಮಿನ್ ಕಡಿಮೆಯಾಗೋದು, ಎಲ್ಲದರಲ್ಲೂ ಗೋಡೆ ದಪ್ಪ ಆಗಬಹುದು. ಜಗತ್ತಿನ ಬಹಳಷ್ಟು ಕಡೆ ಬಳಸೋ ಟೋಕಿಯೋ ಮಾರ್ಗಸೂಚಿ, 2018ರ ಪರಿಷ್ಕರಣೆಯಲ್ಲಿ, ಇದನ್ನ ಅಚ್ಚುಕಟ್ಟಾಗಿ ಕಟ್ಟಿದೆ. ಮರ್ಫಿ ಅಥವಾ ಬಲಪಕ್ಕೆಯ ನೋವು ಒಂದು ಖಾನೆ. ಜ್ವರ, ಬಿಳಿ ಕಣ, ಸಿಆರ್‌ಪಿ ಇನ್ನೊಂದು. ಚಿತ್ರ ಮೂರನೆಯದು. ಮೂರರಿಂದಲೂ ಕನಿಷ್ಠ ಒಂದೊಂದು ಸಿಕ್ಕರೆ ಮಾತ್ರ ಖಚಿತ. ಚಿತ್ರ ಒಂದರಿಂದಲೇ ಖಚಿತ ಅನ್ನೋ ಸಾಲು ಅದರಲ್ಲಿ ಎಲ್ಲೂ ಇಲ್ಲ.

ಸೋನೋಗ್ರಫಿಯಲ್ಲಿ ತೀರ್ಮಾನ ಆಗದಿದ್ದರೆ? ಸಿಟಿ ಇದೆ, ಆದರೆ ಕೊಲೆಸ್ಟರಾಲ್ ಕಲ್ಲುಗಳು ಪಿತ್ತರಸದಷ್ಟೇ ಸಾಂದ್ರ ಇದ್ದು ಸಿಟಿಯಲ್ಲಿ ಕಾಣದೇ ಹೋಗಬಹುದು. ದುಬಾರಿ ಯಂತ್ರ ಅಂದರೆ ಒಳ್ಳೆ ಉತ್ತರ ಅಂದ್ಕೋಬೇಡಿ. ತೂತು, ಕೊಳೆತ, ಗೋಡೆಯಲ್ಲಿ ಗಾಳಿ, ಇಂಥ ತೊಡಕುಗಳಿಗೆ ಸಿಟಿ ಒಳ್ಳೆಯದು. ಕಲ್ಲು ಮುಖ್ಯ ನಾಳಕ್ಕೆ ಜಾರಿದೆ ಅನ್ನೋ ಅನುಮಾನಕ್ಕೆ ಎಂಆರ್‌ಸಿಪಿ.

ನನಗೆ ತುಂಬಾ ಇಷ್ಟವಾದದ್ದು ಹೈಡಾ ಸ್ಕ್ಯಾನ್. ದಾದರ್‌ನಿಂದ ಒಂದೇ ಸ್ಟೇಷನ್ ದೂರದ ಪರೇಲ್‌ನಲ್ಲಿ, ಬಾಬಾ ಅಣು ಸಂಶೋಧನಾ ಕೇಂದ್ರದ ರೇಡಿಯೇಷನ್ ಮೆಡಿಸಿನ್ ಸೆಂಟರ್ 1963ರಿಂದ ಇದೆ. ನಮ್ಮ ದೇಶದಲ್ಲಿ ನ್ಯೂಕ್ಲಿಯರ್ ಮೆಡಿಸಿನ್ ಬೆಳೆದ ಮುಖ್ಯ ಜಾಗ ಅದು. ಹೈಡಾ ಆ ವಿದ್ಯೆಯ ಪರೀಕ್ಷೆ. ಟೆಕ್ನೀಶಿಯಂ-99ಎಂ ಬೆರೆಸಿದ ಒಂದು ಔಷಧಿಯನ್ನು ರಕ್ತಕ್ಕೆ ಕೊಡ್ತಾರೆ, ಅದರ ಅರ್ಧಾಯುಷ್ಯ 6 ಗಂಟೆ. ಲಿವರ್ ಅದನ್ನ ಹೀರಿ ಪಿತ್ತರಸದ ಜೊತೆ ಬಿಡುತ್ತೆ. ನಾಳ ತೆರೆದಿದ್ದರೆ ಒಂದು ಗಂಟೆಯೊಳಗೆ ಪಿತ್ತಕೋಶ ಹೊಳೆಯುತ್ತೆ. ನಾಳ ಮುಚ್ಚಿದ್ದರೆ ಲಿವರ್ ಕಾಣುತ್ತೆ, ಕರುಳು ಕಾಣುತ್ತೆ, ಪಿತ್ತಕೋಶ ಮಾತ್ರ ಕಾಣಲ್ಲ. ಕಾಣದೇ ಇರೋದೇ ಇಲ್ಲಿ ರೋಗದ ಗುರುತು. ಬೇಕಾದರೆ ನಾಲ್ಕು ಗಂಟೆ ತನಕ ಕಾದು ನೋಡ್ತಾರೆ. ಸೋನೋಗ್ರಫಿ ಗೋಡೆಯನ್ನು ನೋಡುತ್ತೆ, ಹೈಡಾ ನೇರವಾಗಿ ಕಾರಣವನ್ನೇ ಪರೀಕ್ಷಿಸುತ್ತೆ. ಹಲವು ಅಧ್ಯಯನಗಳನ್ನು ಕೂಡಿಸಿ 2012ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ ರೋಗ ಇರೋವರಲ್ಲಿ ಹೈಡಾ ನೂರಕ್ಕೆ 96 ಜನರನ್ನು ಹಿಡಿಯಿತು, ಅಲ್ಟ್ರಾಸೌಂಡ್ 81. ಆದರೂ ಮೊದಲ ಪರೀಕ್ಷೆ ಸೋನೋಗ್ರಫಿಯೇ. ಅಗ್ಗ, ಎಲ್ಲೆಡೆ ಸಿಗುತ್ತೆ, ವಿಕಿರಣ ಇಲ್ಲ, ಹತ್ತು ನಿಮಿಷದಲ್ಲಿ ಮುಗಿಯುತ್ತೆ. ಹೈಡಾ ಎಲ್ಲಾ ಆಸ್ಪತ್ರೆಯಲ್ಲೂ ಇಲ್ಲ, ರಾತ್ರಿಯಂತೂ ಸಿಗೋದು ಕಷ್ಟ.

ಕಂಪನಿಯ ವಾರ್ಷಿಕ ಹೆಲ್ತ್ ಚೆಕಪ್‌ನಲ್ಲಿ ಕಲ್ಲು ಕಂಡುಬಂದವರು ಇಲ್ಲೇ ಇಬ್ಬರು ಮೂವರು ಇರ್ತೀರಿ. ನೋವೇ ಇಲ್ಲದ ಕಲ್ಲು ಬಹುಪಾಲು ಜನರಲ್ಲಿ ಹಾಗೇ ಉಳಿಯುತ್ತೆ, ಸುಮ್ಮನೆ ತೆಗೆಸೋ ಅಗತ್ಯ ಸಾಮಾನ್ಯವಾಗಿ ಇಲ್ಲ. ಕೆಲವು ಅಪವಾದಗಳಿವೆ, ಸರ್ಜನ್ ಹೇಳ್ತಾರೆ. ಆದರೆ ನಿಜವಾದ ಉರಿಯೂತ ಅಂತ ಖಚಿತವಾದ ಮೇಲೆ "ಅಪ್ರೈಸಲ್ ಮುಗೀಲಿ, ಊರಿಗೆ ಹೋಗಿ ಮಾಡಿಸ್ತೀನಿ" ಅಂತ ಮುಂದೂಡಬೇಡಿ. ಮೊದಲ ಕೆಲವು ದಿನಗಳಲ್ಲೇ, ತಡವಾದರೆ ವಾರದೊಳಗೆ ಮಾಡೋದು ಒಳ್ಳೆಯದು ಅನ್ನೋದು ಈಗಿನ ಒಪ್ಪಿತ ಅಭಿಪ್ರಾಯ. ಭಾರತದ ಮೊದಲ ಲ್ಯಾಪರೋಸ್ಕೋಪಿಕ್ ಪಿತ್ತಕೋಶ ಶಸ್ತ್ರಚಿಕಿತ್ಸೆ ಆದದ್ದು ಇದೇ ಊರಲ್ಲಿ, ಬೈಕಳಾದ ಜೆ.ಜೆ. ಆಸ್ಪತ್ರೆಯಲ್ಲಿ, 1990ರಲ್ಲಿ, ಡಾ. ತೆಹೆಂಟನ್ ಉದ್ವಾಡಿಯಾ ಅವರ ಕೈಯಲ್ಲಿ. ಅದೂ ಸರ್ಕಾರಿ ಆಸ್ಪತ್ರೆಯಲ್ಲಿ ಅನ್ನೋದು ನನಗೆ ಹೆಮ್ಮೆ.

ಕೊನೆಗೆ, ನೀವು ಕೇಳೇ ಕೇಳ್ತೀರಿ: ಎಐ ಇದನ್ನೆಲ್ಲ ಮಾಡಲ್ವಾ? ಗೋಡೆಯ ದಪ್ಪ ಅಳೆಯೋದು, ಕಲ್ಲು ಗುರುತಿಸೋದು, ಖಂಡಿತ ಮಾಡುತ್ತೆ. ನಾನೇ ಅಂಥದ್ದರ ಮೇಲೆ ಕೆಲಸ ಮಾಡಿದ್ದೀನಿ. ಆದರೆ ನಮ್ಮ ಡೇಟಾದಲ್ಲಿ ಇದ್ದದ್ದು ಫ್ರೀಜ್ ಮಾಡಿ ಉಳಿಸಿದ ಚಿತ್ರಗಳು. ಯಾವ ತಿಂಗಳು, ಪ್ಲೇಟ್‌ಲೆಟ್ ಎಷ್ಟು, ಒತ್ತಿದಾಗ ರೋಗಿ ಏನಂದರು, ಯಾವ ಭಾಷೆಯಲ್ಲಿ ಅಂದರು, ಒಂದೂ ಇರಲಿಲ್ಲ. ಇವತ್ತು ಯಾರಾದರೂ ಇಂಥ ಮಾಡೆಲ್ ಕಟ್ಟೋರು ಇಲ್ಲಿದ್ದರೆ, ಮೊದಲು ಆ ಖಾನೆಗಳನ್ನು ಸೇರಿಸಿ. ಗುಂಪಿನಲ್ಲಿ ರಿಪೋರ್ಟ್ ಹಾಕೋರೂ ಅಷ್ಟೇ, ಹಾಕಲೇಬೇಕು ಅಂದರೆ ರಕ್ತಪರೀಕ್ಷೆಯ ಹಾಳೆಯನ್ನೂ ಜೊತೆಗೆ ಹಾಕಿ, ನಮಗಲ್ಲ, ನಿಮ್ಮ ಪರಿಚಯದ ಡಾಕ್ಟರಿಗೆ.

ಹೊರದೇಶದಿಂದ ನೋಡ್ತಿರೋರಿಗೆ ಒಂದು ಮಾತು. ಅಪ್ಪ ಅಮ್ಮ ನಿಮ್ಮ ಹತ್ತಿರ ಆರು ತಿಂಗಳಿಗೆ ಬಂದಾಗ ಹೀಗೇನಾದರೂ ಆದರೆ, ಅಮೆರಿಕದಲ್ಲಿ ಸರ್ಕಾರದ ಹಣ ಪಡೆಯೋ ಆಸ್ಪತ್ರೆಗಳು ದುಭಾಷಿಯನ್ನು ಉಚಿತವಾಗಿ ಒದಗಿಸಬೇಕು, ಹೆಚ್ಚಾಗಿ ಫೋನ್ ಮೂಲಕ. ಕೇಳುವಾಗ ‘ಇಂಡಿಯನ್’ ಅನ್ನಬೇಡಿ, ಹಿಂದಿಯವರನ್ನು ಕೊಟ್ಟುಬಿಡ್ತಾರೆ. ‘ಕನ್ನಡ’ ಅಂತ ಅಕ್ಷರ ಬಿಡಿಸಿ ಹೇಳಿ. ಸ್ಕ್ಯಾನ್ ಕೋಣೆಗೂ ಆ ಫೋನ್ ಬೇಕು ಅಂತ ಮೊದಲೇ ತಿಳಿಸಿ. ಪ್ರಶ್ನೆಗಳಿದ್ದರೆ ಈಗ ಕೇಳಬಹುದು, ಮೈಕ್ ಹಿಂದಿನ ಸಾಲಿಗೆ ಕೊಡಿ.